ಹಳದಿ ಕಾರ್ಡಿನ ಲೆಕ್ಕಾಚಾರ

ಕೊಡಗಿನಲ್ಲಿ ವಿಮಾನ ನಿಲ್ದಾಣವಿಲ್ಲ. ವಿದೇಶಿ ಪ್ರವಾಸಿಗರು ವೀಸಾ ಹಿಡಿದು ಬೆಂಗಳೂರಲ್ಲೋ ಮಂಗಳೂರಲ್ಲೋ ಇಳಿದು, ರಸ್ತೆ ಮೂಲಕ ಮಡಿಕೇರಿ ಸೇರುತ್ತಾರೆ. ಅವರು ಬಂದ 24 ಗಂಟೆಯೊಳಗೆ ಹೋಂಸ್ಟೇ ಮಾಲೀಕರು ಅವರ ವಿವರಗಳ ಫಾರಂ ತುಂಬಿ ಸರ್ಕಾರಕ್ಕೆ ಕಳಿಸಬೇಕು. ಕುಶಾಲನಗರದಿಂದ ಕಾವೇರಿ ದಾಟಿ ಬೈಲಕುಪ್ಪೆಯ ಟಿಬೆಟನ್ ಶಿಬಿರದಲ್ಲಿ ತಂಗುವ ವಿದೇಶಿಯರಿಗೆ ಕೇಂದ್ರ ಗೃಹ ಸಚಿವಾಲಯದ ಪ್ರತ್ಯೇಕ ಅನುಮತಿ ಬೇಕು. ಇವೆಲ್ಲ ಸರ್ಕಾರ ಹಾಕಿದ ಷರತ್ತುಗಳು, ಸರ್ಕಾರ ಮನಸ್ಸು ಮಾಡಿದರೆ ಬದಲಾಗುತ್ತವೆ. ಆದರೆ ಪಾಸ್‌ಪೋರ್ಟ್ ಜೊತೆ ಕೆಲವರು ಇಟ್ಟುಕೊಳ್ಳಬೇಕಾದ ಹಳದಿ ಕಾರ್ಡಿನ ಷರತ್ತುಗಳನ್ನು ಬರೆದದ್ದು ಒಂದು ವೈರಸ್ ಮತ್ತು ಒಂದು ಸೊಳ್ಳೆ.

ಹಳದಿ ಜ್ವರ ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದ ಉಷ್ಣವಲಯದ ಕಾಯಿಲೆ. ಅದನ್ನು ಹರಡುವ ಈಡಿಸ್ ಈಜಿಪ್ಟಿ ಸೊಳ್ಳೆ ನಮಗೆ ಹೊಸದಲ್ಲ. ಮಳೆಗಾಲದಲ್ಲಿ ಡೆಂಗಿ ತರುವುದೂ ಅದೇ. ಕಾಡಿನಲ್ಲಿ ಈ ವೈರಸ್ಸನ್ನು ಉಳಿಸಿಕೊಳ್ಳುವುದು ಕೋತಿಗಳು. ಕೊಡಗಿನ ಕಾಡಿನಲ್ಲಿ ಅವಕ್ಕೂ ಕೊರತೆಯಿಲ್ಲ. ಸೊಳ್ಳೆ ಇದೆ, ಕೋತಿ ಇದೆ, ಲಸಿಕೆ ಹಾಕಿಸಿಕೊಳ್ಳದ ಕೋಟ್ಯಂತರ ಜನರಿದ್ದಾರೆ. ಇಲ್ಲದಿರುವುದು ವೈರಸ್ ಒಂದೇ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ವಿಜ್ಞಾನಿಗಳು ಮೊದಲು ಬೆಚ್ಚಿದ್ದು ಹಳದಿ ಜ್ವರವೇ ಬಂದಿತೆಂದು. ಅದಲ್ಲ, ಉಣ್ಣೆಯಿಂದ ಹರಡುವ ಬೇರೊಂದು ವೈರಸ್ ಎಂದು ತಿಳಿದದ್ದು ಆಮೇಲೆ. ಅದೇ ಇಂದಿನ ಮಂಗನ ಕಾಯಿಲೆ.

ಹಾಗಾಗಿ ಹಳದಿ ಜ್ವರವಿರುವ ದೇಶಗಳಿಂದ ಬರುವವರಿಗೆ, ಅವರು ಭಾರತೀಯರೇ ಆಗಿರಲಿ, ಲಸಿಕೆಯ ಪ್ರಮಾಣಪತ್ರ, ಅಂದರೆ ಆ ಹಳದಿ ಕಾರ್ಡ್, ಕಡ್ಡಾಯ. ಅದಿಲ್ಲದವರನ್ನು ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಆರೇ ಏಕೆ? ಸೋಂಕು ತಗುಲಿದ ಮೂರರಿಂದ ಆರು ದಿನಗಳಲ್ಲಿ ಜ್ವರ ಕಾಣಿಸಿಕೊಳ್ಳುತ್ತದೆ. ಆ ಹೊತ್ತಿಗೆ ರೋಗಿಯ ರಕ್ತ ಹೀರಿದ ಸೊಳ್ಳೆ ವೈರಸ್ಸನ್ನು ಹೊತ್ತುಕೊಳ್ಳುತ್ತದೆ. ಆರು ದಿನ ಜ್ವರ ಬಾರದಿದ್ದರೆ ಆ ಮನುಷ್ಯನಿಂದ ಭಯವಿಲ್ಲ. ಕಾರ್ಡಿಗೆ ಬೆಲೆ ಬರುವುದು ಚುಚ್ಚಿಸಿಕೊಂಡ ಹತ್ತು ದಿನಗಳ ಮೇಲೆ. ದೇಹ ಪ್ರತಿಕಾಯಗಳನ್ನು ಕಟ್ಟಿಕೊಳ್ಳಲು ಅಷ್ಟು ಸಮಯ ಬೇಕು. ಮ್ಯಾಕ್ಸ್ ಥೀಲರ್ 1930ರ ದಶಕದಲ್ಲಿ ರೂಪಿಸಿದ, ಅವರಿಗೆ 1951ರ ನೊಬೆಲ್ ತಂದ 17ಡಿ ಲಸಿಕೆಯೇ ಇಂದಿಗೂ ಬಳಕೆಯಲ್ಲಿದೆ. ಹತ್ತು ವರ್ಷಕ್ಕೊಮ್ಮೆ ಮತ್ತೆ ಹಾಕಿಸಿಕೊಳ್ಳಬೇಕೆಂಬ ನಿಯಮ ಜುಲೈ 2016ರಲ್ಲಿ ಹೋಯಿತು. ಈಗ ಒಮ್ಮೆ ಹಾಕಿಸಿಕೊಂಡರೆ ಜೀವಮಾನಕ್ಕೆ ಸಾಕು.

ಇದು ಅತಿ ಎಚ್ಚರಿಕೆಯಲ್ಲವೇ ಎಂದು ಕೇಳುವವರಿದ್ದಾರೆ. ಅಲ್ಲ ಎಂಬುದಕ್ಕೆ ಅದೇ 2016ರ ಸಾಕ್ಷಿಯಿದೆ. ಅಂಗೋಲಾದಲ್ಲಿ ರೋಗ ಹಬ್ಬಿದ್ದಾಗ ಅಲ್ಲಿಂದ ಚೀನಾಕ್ಕೆ ಮರಳಿದ 11 ಮಂದಿಯಲ್ಲಿ ಹಳದಿ ಜ್ವರ ಪತ್ತೆಯಾಯಿತು. ಪುಣ್ಯಕ್ಕೆ ಅದು ಅಲ್ಲಿ ಬೇರೂರಲಿಲ್ಲ.

ಗಡಿಯಲ್ಲಿ ತಪಾಸಣೆ ತಪ್ಪಿಸಿಕೊಂಡು ಬಂದವರ ಕಥೆ ಕೊಡಗಿನ ಕಾಫಿ ಬೆಳೆಗಾರರಿಗೆ ಬೇರೆ ರೀತಿಯಲ್ಲಿ ಗೊತ್ತು. ಆಫ್ರಿಕಾ ಮೂಲದ, ಎರಡು ಮಿಲಿಮೀಟರ್ ಕೂಡ ಉದ್ದವಿಲ್ಲದ ಬೆರಿ ಬೋರರ್ ಹುಳು ಭಾರತದಲ್ಲಿ ಮೊದಲು ಕಂಡದ್ದು 1990ರಲ್ಲಿ, ನೀಲಗಿರಿಯ ಗೂಡಲೂರಿನಲ್ಲಿ. ಕೆಲವೇ ವರ್ಷಗಳಲ್ಲಿ ಕೊಡಗಿನ ತೋಟಗಳಿಗೂ ಬಂತು, ಇನ್ನೂ ಹೋಗಿಲ್ಲ. ಆಫ್ರಿಕಾದ ತೋಟಗಳನ್ನು ಕಾಡುವ ಕಾಫಿ ಕಾಯಿ ರೋಗದ ಶಿಲೀಂಧ್ರ ನಮ್ಮಲ್ಲಿ ಇನ್ನೂ ಕಾಲಿಟ್ಟಿಲ್ಲ. ಬೀಜ, ಗಿಡ, ಹಣ್ಣು ತಂದಿದ್ದರೆ ಕಸ್ಟಮ್ಸ್‌ನಲ್ಲಿ ಹೇಳಬೇಕೆಂಬ ನಿಯಮವನ್ನು ಹಲವರು ಗಮನಿಸುವುದಿಲ್ಲ. ಆ ನಿಯಮ ಇರುವುದು ಇಂಥವುಗಳನ್ನು ತಡೆಯಲೆಂದೇ.

ಕೀನ್ಯಾ, ಉಗಾಂಡ, ಇಥಿಯೋಪಿಯಾದ ಕಾಫಿ ನೋಡಲು ಹೊರಟವರು ಟಿಕೆಟ್ ತೆಗೆಯುವಾಗಲೇ ಲಸಿಕೆಯ ದಿನವನ್ನೂ ಗೊತ್ತುಮಾಡಿಕೊಳ್ಳಿ. ಇದು ಎಲ್ಲ ಆಸ್ಪತ್ರೆಗಳಲ್ಲಿ ಸಿಗದು. ಸರ್ಕಾರ ಮಾನ್ಯತೆ ಕೊಟ್ಟ ಕೇಂದ್ರಗಳಿಗೇ ಹೋಗಬೇಕು. ಮರಳುವಾಗ ತೋಟದಲ್ಲಿ ತಿರುಗಾಡಿದ ಬೂಟನ್ನು ಚೆನ್ನಾಗಿ ತೊಳೆಯಿರಿ. ನೆನಪಿಗೆ ಬೇಕಿದ್ದರೆ ಹುರಿದ ಕಾಫಿ ತನ್ನಿ. ಹಸಿ ಬೀಜ, ಸಸಿ ಬೇಡ.