ಮೈ ತುಂಬಿದ ಓರೆ ಅಕ್ಷರ: ಕೂಪರ್ ಬ್ಲ್ಯಾಕ್ ಇಟಾಲಿಕ್

ರೋಮನ್ ಲಿಪಿಯ ಮುದ್ರಣದಲ್ಲಿ ಓರೆ ಅಕ್ಷರಕ್ಕೂ ದಪ್ಪಕ್ಷರಕ್ಕೂ ಹುಟ್ಟಿನಿಂದ ನಂಟಿಲ್ಲ. ಓರೆ ಅಕ್ಷರ, ಅಂದರೆ ಇಟಾಲಿಕ್, ವೆನಿಸ್ ನಗರದ್ದು. ಅಲ್ಡಸ್ ಮನುಟಿಯಸ್ ಎಂಬ ಪ್ರಕಾಶಕನಿಗಾಗಿ ಫ್ರಾನ್ಸೆಸ್ಕೊ ಗ್ರಿಫೊ ಅದನ್ನು ಕೊರೆದ. 1501ರಲ್ಲಿ ವರ್ಜಿಲ್ ಕವಿಯ ಕೃತಿಗಳು ಆ ಅಕ್ಷರದಲ್ಲೇ ಅಚ್ಚಾದವು. ಆಗಿನ ವಿದ್ವಾಂಸರ ಚುರುಕಾದ ಕೈಬರಹವೇ ಅದಕ್ಕೆ ಮಾದರಿ. ಹಗುರವಾಗಿ, ಬೇಗ ಬೇಗ ಸಾಗುವುದು ಅದರ ಗುಣ. ದಪ್ಪಕ್ಷರ ಬಂದದ್ದು ಮುನ್ನೂರು ವರ್ಷಗಳ ಮೇಲೆ, ಲಂಡನ್ನಿನ ಗೋಡೆ ಜಾಹೀರಾತು, ಲಾಟರಿ ಪ್ರಕಟಣೆಗಳಿಗಾಗಿ. ಅದಕ್ಕೆ ಬೇಕಿದ್ದದ್ದು ನಿಂತಲ್ಲೇ ನಿಂತು ಕೂಗುವ ಗಂಟಲು. ಈ ಎರಡನ್ನೂ ಒಂದೇ ಅಕ್ಷರದಲ್ಲಿ ಕೂಡಿಸುವುದು ಸುಲಭವಲ್ಲ. ಕೂಡಿಸಿ ಗೆದ್ದವರಲ್ಲಿ ನನಗೆ ತುಂಬ ಇಷ್ಟವಾದವನು ಶಿಕಾಗೊದ ಓಸ್ವಾಲ್ಡ್ ಬ್ರೂಸ್ ಕೂಪರ್.

ಕೂಪರ್ ಹುಟ್ಟಿದ್ದು 1879ರಲ್ಲಿ, ಓಹಾಯೊ ರಾಜ್ಯದಲ್ಲಿ. ಶಾಲೆ ಅರ್ಧಕ್ಕೆ ಬಿಟ್ಟು ಪ್ರೆಸ್ಸಿನಲ್ಲಿ ಕೆಲಸಕ್ಕೆ ನಿಂತ. ಚಿತ್ರಕಲೆ ಕಲಿಯಲು ಶಿಕಾಗೊಗೆ ಹೋದಾಗ ಅಕ್ಷರ ಬರೆಯುವುದನ್ನು ಹೇಳಿಕೊಟ್ಟವನು ಮುಂದೆ ದೊಡ್ಡ ಹೆಸರಾದ ಫ್ರೆಡರಿಕ್ ಗೌಡಿ. ಕೂಪರ್ ಆಮೇಲೆ ಬದುಕಿದ್ದು ಹೆಚ್ಚಾಗಿ ಜಾಹೀರಾತುಗಳಿಗೆ ಕೈಯಲ್ಲಿ ಅಕ್ಷರ ಬರೆದು. ಅವನ ಕೈ ನೋಡಿ ಮೆಚ್ಚಿದ ಬಾರ್ನ್‌ಹಾರ್ಟ್ ಬ್ರದರ್ಸ್ ಅಂಡ್ ಸ್ಪಿಂಡ್ಲರ್ ಎಂಬ ಟೈಪ್ ಫೌಂಡ್ರಿ ಅದನ್ನೇ ಸೀಸದ ಮೊಳೆಗಳಾಗಿ ಎರಕ ಹೊಯ್ದಿತು. 1922ರ ಸುಮಾರಿಗೆ ಕೂಪರ್ ಬ್ಲ್ಯಾಕ್ ಬಂತು. ದೂರದೃಷ್ಟಿಯ ಮುದ್ರಕರಿಗೆ, ಹತ್ತಿರದ್ದಷ್ಟೇ ಕಾಣುವ ಅವರ ಗಿರಾಕಿಗಳಿಗೆ ಇದು ಹೇಳಿ ಮಾಡಿಸಿದ್ದು ಎಂದು ಕೂಪರನೇ ಹೇಳುತ್ತಿದ್ದ. ಕೆಲವೇ ವರ್ಷಗಳಲ್ಲಿ ಅದರ ಓರೆ ರೂಪವೂ ಹೊರಬಂತು.

ಅದನ್ನು ದೊಡ್ಡದು ಮಾಡಿ ನೋಡಬೇಕು. ಗೀಟುಗಳ ತುದಿಯಲ್ಲಿ ಚಾಚಿಕೊಂಡಿರುವ ಸೆರಿಫ್ ಬೇರೆ ಹಲವು ಅಕ್ಷರಗಳಲ್ಲಿ ಚೂಪಾಗಿರುತ್ತದೆ. ಇಲ್ಲಿ ಅದು ನೆನೆಸಿಟ್ಟ ಕಾಳಿನ ಹಾಗೆ ಉಬ್ಬಿ ದುಂಡಗಾಗಿದೆ. ಎಲ್ಲೂ ಮೂಲೆಯಿಲ್ಲ. ದಪ್ಪ ಅಕ್ಷರವನ್ನು ಓರೆ ಮಾಡಿದರೆ ಮೂಲೆಗಳೆಲ್ಲ ಒಂದೇ ಕಡೆ ಚುಚ್ಚಿಕೊಂಡು, ಈಗಲೋ ಆಗಲೋ ಬೀಳುವಂತೆ ಕಾಣುತ್ತದೆ. ಕೂಪರ್ ಮೂಲೆಗಳನ್ನೇ ತೆಗೆದುಹಾಕಿದ್ದರಿಂದ ಅವನ ಅಕ್ಷರ ವಾಲಿದರೂ ಬೀಳುವುದಿಲ್ಲ, ಮುಂದಕ್ಕೆ ಸಾಗುತ್ತದೆ. ಆ ಮಟ್ಟದ ಭಾರ ಹೊತ್ತೂ ಕೈಬರಹದ ಓಟ ಉಳಿಸಿಕೊಂಡದ್ದು ದೊಡ್ಡ ಸಾಧನೆ ಎಂದೇ ನಾನು ತಿಳಿದಿದ್ದೇನೆ.

ಸೀಸದ ಕಾಲದಲ್ಲಿ ಇದಕ್ಕೆ ಇನ್ನೊಂದು ತೊಡಕಿತ್ತು. ಮೊಳೆಯ ಮೈ ಚೌಕ, ಅಕ್ಷರ ಓರೆ. ವಾಲಿದ ಭಾಗ ಮೈಯಿಂದ ಹೊರಗೆ ಚಾಚಿದರೆ ಪಕ್ಕದ ಮೊಳೆಯ ಮೇಲೆ ಒರಗಬೇಕು. ಅಚ್ಚಿನ ಒತ್ತಡಕ್ಕೆ ಅದು ಮುರಿಯುತ್ತಿತ್ತು. ಚಾಚು ಬೇಡವೆಂದರೆ ಅಕ್ಷರಗಳ ನಡುವೆ ಸಂದು ಬೀಳುತ್ತಿತ್ತು. ಅಕ್ಷರ ದಪ್ಪವಾದಷ್ಟೂ ಆ ಸಂದು ಎದ್ದು ಕಾಣುತ್ತದೆ.

ಕೂಪರ್ ಬ್ಲ್ಯಾಕ್ ಇಟಾಲಿಕ್‌ನ ಜಾಗ ಅಂಗಡಿಯ ಹೆಸರು, ತಿಂಡಿ ಪೊಟ್ಟಣ, ಪೋಸ್ಟರು, ಎರಡು ಮೂರು ಪದಗಳ ತಲೆಬರಹ. ಸಣ್ಣ ಗಾತ್ರದಲ್ಲಿ ಪ್ಯಾರಾಗಟ್ಟಲೆ ಬಳಸಿದರೆ ಅಕ್ಷರದೊಳಗಿನ ಬಿಳಿ ಕಿಂಡಿಗಳು ಮಸಿಯಿಂದ ಮುಚ್ಚಿಹೋಗಿ ಪುಟವೇ ಕಪ್ಪಿಡುತ್ತದೆ. ನೆಟ್ಟಗಿನ ಕೂಪರ್ ಬ್ಲ್ಯಾಕ್‌ಗೆ ಸಿಕ್ಕಿದ ಕೀರ್ತಿ ಓರೆಯದಕ್ಕೆ ಸಿಗಲಿಲ್ಲ ಎನ್ನುವುದು ನಿಜ. ಬೀಚ್ ಬಾಯ್ಸ್ ತಂಡದ 1966ರ ‘ಪೆಟ್ ಸೌಂಡ್ಸ್’ ಆಲ್ಬಮ್ಮಿನ ಹೊದಿಕೆಯಲ್ಲೂ ಈಜಿಜೆಟ್ ವಿಮಾನಗಳ ಮೈಮೇಲೂ ಇರುವುದು ನೆಟ್ಟಗಿನದೇ.

ಕಂಪ್ಯೂಟರು ಬಂದ ಮೇಲೆ ಓರೆಯದಕ್ಕೆ ಇನ್ನೊಂದು ಪೆಟ್ಟು ಬಿತ್ತು. ಮೈಕ್ರೋಸಾಫ್ಟ್ ಆಫೀಸ್ ಜೊತೆ ಬಂದದ್ದು ನೆಟ್ಟಗಿನ ಕೂಪರ್ ಬ್ಲ್ಯಾಕ್ ಮಾತ್ರ. ಇಟಾಲಿಕ್ ಗುಂಡಿ ಒತ್ತಿದರೆ ತಂತ್ರಾಂಶ ಅದನ್ನೇ ಪಕ್ಕಕ್ಕೆ ತಳ್ಳುತ್ತದೆ. ನಿಜವಾದದ್ದನ್ನು ಗುರುತಿಸಲು ಇಂಗ್ಲಿಷಿನ ಸಣ್ಣ ‘ಎ’ ಸಾಕು. ಹೊಟ್ಟೆಯ ಮೇಲೆ ಕೊಕ್ಕೆ ಬಾಗಿದ್ದರೆ ಅದು ತಳ್ಳಿದ್ದು. ಕೈಬರಹದಲ್ಲಿ ಬರೆಯುವಂತೆ ಒಂದೇ ಸುತ್ತು, ಪಕ್ಕದಲ್ಲೊಂದು ಗೀಟು ಇದ್ದರೆ ಅದು ಕೂಪರ್ ಬರೆದದ್ದು.

ಕನ್ನಡದಲ್ಲಿ ನಾವು ಪತ್ರಿಕೆಗಳಲ್ಲೂ ಆಮಂತ್ರಣ ಪತ್ರಗಳಲ್ಲೂ ನೋಡುವ ಓರೆ ಅಕ್ಷರ ಬಹುಮಟ್ಟಿಗೆ ಹೀಗೆ ತಳ್ಳಿದ್ದೇ. ನಮ್ಮ ಲಿಪಿಗೆ ಇದರಿಂದ ಆಗುವ ಕೆಡುಕು ಹೆಚ್ಚು. ‘ರಾಷ್ಟ್ರ’ ಎಂದು ಬರೆದು ತಳ್ಳಿ ನೋಡಿ: ತಲೆಕಟ್ಟು ಬಲಕ್ಕೆ ಜಾರುತ್ತದೆ, ಸಾಲಿನ ಕೆಳಗಿರುವ ಒತ್ತುಗಳು ಎಡಕ್ಕೆ ಸರಿದು ಹಿಂದಿನ ಅಕ್ಷರದತ್ತ ನುಗ್ಗುತ್ತವೆ. ದಪ್ಪಕ್ಷರವಾದರೆ ಅಂಟಿಕೊಂಡೇಬಿಡುತ್ತವೆ. ಬ್ರಷ್ ಹಿಡಿದು ಬೋರ್ಡ್ ಬರೆಯುವವರು ಕಣ್ಣಳತೆಯಲ್ಲೇ ಒತ್ತನ್ನು ಅದರ ಅಕ್ಷರದ ಅಡಿಗೆ ಎಳೆದು ತರಬಲ್ಲರು. ಗುಂಡಿಗೆ ಅದು ತಿಳಿಯುವುದಿಲ್ಲ. ಕನ್ನಡಕ್ಕೊಂದು ದಪ್ಪ ಓರೆ ಅಕ್ಷರವನ್ನು ಹೊಸದಾಗಿ ಬಿಡಿಸಲು ಹೊರಡುವವರು ಒತ್ತಿನಿಂದಲೇ ಶುರುಮಾಡಲಿ ಎಂಬುದು ನನ್ನ ಆಸೆ. ದುಂಡಗೆ ಉಬ್ಬುವುದು ನಮ್ಮ ಅಕ್ಷರಗಳಿಗೆ ಮೊದಲಿಂದಲೂ ಬಂದಿದೆ.