ಇಂಜಿನಿಯರನ ಲೇಖನಿ ನಿಂತದ್ದೇಕೆ

ತಂತ್ರಾಂಶದ ಉದ್ಯೋಗದಲ್ಲಿದ್ದುಕೊಂಡೇ ನಿಯತವಾಗಿ ಲೇಖನಗಳನ್ನು ಬರೆದು ಓದುಗರ ವಿಶ್ವಾಸವನ್ನು ಸಂಪಾದಿಸಿದ ಬೆಂಗಳೂರಿನ ಇಂಜಿನಿಯರೊಬ್ಬನು ಇದ್ದಕ್ಕಿದ್ದಂತೆ ಮೌನಿಯಾದರೆ, ಅವನ ಉತ್ಸಾಹವೇ ಉಡುಗಿತೆಂದೋ ಹೇಳತಕ್ಕ ವಿಷಯವೇ ತೀರಿತೆಂದೋ ಜನ ಭಾವಿಸುವುದುಂಟು. ಈ ನಿರ್ಣಯ ಅನ್ಯಾಯವಾದುದೆಂದು ನನ್ನ ಅಭಿಪ್ರಾಯ. ಆ ಮೌನದ ಕಾರಣವನ್ನು ಬಹುಮಟ್ಟಿಗೆ ಅವನ ಕೆಲಸದ ಸ್ವರೂಪದಲ್ಲೇ ಅರಸಬೇಕು.

ಸಾಮಾನ್ಯವಾಗಿ ತಂತ್ರಾಂಶವನ್ನು ಗ್ರಾಹಕರಿಗೆ ಒಪ್ಪಿಸಬೇಕಾದ ದಿನವೊಂದು ಮೊದಲೇ ಗೊತ್ತಾಗಿರುತ್ತದೆ. ಕಛೇರಿಯವರು ‘ರಿಲೀಸ್’ ಎಂದು ಕರೆಯುವ ಆ ದಿನ ಸಮೀಪಿಸಿದಂತೆಲ್ಲ ಪರೀಕ್ಷಕರು ದೋಷಗಳನ್ನು ಎತ್ತಿ ತೋರಿಸುತ್ತಾರೆ, ಒಂದನ್ನು ತಿದ್ದಹೋದರೆ ಅದನ್ನೇ ನೆಚ್ಚಿಕೊಂಡಿದ್ದ ಮತ್ತೊಂದು ಭಾಗ ಕೆಡುತ್ತದೆ, ಇಷ್ಟರಲ್ಲಿ ಸಂಜೆಯಾಗಿ ಇಲ್ಲಿನವನು ಮನೆಯ ಹಾದಿ ಹಿಡಿಯುವ ಹೊತ್ತಿಗೆ ಅಮೆರಿಕದಲ್ಲಿ ಕಛೇರಿಗಳು ತೆರೆದು ಅಲ್ಲಿನವರೊಡನೆ ಮಾತುಕತೆ ಆರಂಭವಾಗುತ್ತದೆ. ಬೇಸಗೆಯಲ್ಲಿ ನ್ಯೂಯಾರ್ಕಿನ ಬೆಳಗಿನ 9 ಗಂಟೆಯೆಂದರೆ ನಮ್ಮ ಸಂಜೆಯ 6:30. ಕ್ಯಾಲಿಫೋರ್ನಿಯದ 9 ಗಂಟೆಯೆಂದರೆ ರಾತ್ರಿಯ 9:30. ತುರ್ತು ಕರೆಗೆ ಸದಾ ಸಿದ್ಧನಿರಬೇಕಾದ ‘ಆನ್‌ಕಾಲ್’ ಸರದಿಯ ವಾರವಾದರೆ ನಿದ್ರೆಯೂ ದೂರವಾಣಿಯ ಅಧೀನ.

ಹೆಚ್ಚು ಜನರನ್ನು ನೇಮಿಸಿದರೆ ಹೊರೆ ಇಳಿಯದೇ ಎಂದು ಕೇಳಬಹುದು. ಐಬಿಎಂ ಸಂಸ್ಥೆಯ ಬೃಹತ್ ತಂತ್ರಾಂಶ ಯೋಜನೆಯೊಂದನ್ನು ನಡೆಸಿದ ಫ್ರೆಡ್ ಬ್ರೂಕ್ಸ್ 1975ರ ತಮ್ಮ ಗ್ರಂಥದಲ್ಲಿ ಇದಕ್ಕೆ ಉತ್ತರವಿತ್ತಿದ್ದಾರೆ: ವಿಳಂಬಿತವಾದ ಯೋಜನೆಗೆ ಜನರನ್ನು ಸೇರಿಸಿದರೆ ಅದು ಇನ್ನಷ್ಟು ವಿಳಂಬಿಸುತ್ತದೆ. ಹೊಸಬರಿಗೆ ಕಲಿಸಬೇಕಾದವರು ಹಳಬರೇ ಆದುದರಿಂದ, ಬಲ್ಲವನ ಭಾರ ಕೆಲಕಾಲ ಇಮ್ಮಡಿಯಾಗುತ್ತದೆ.

ಹಾಗಿದ್ದರೂ ಗಂಟೆಗಳ ಲೆಕ್ಕ ಇಲ್ಲಿ ಗೌಣವೆಂದೇ ನಾನು ತಿಳಿದಿದ್ದೇನೆ. ಸಹಸ್ರಾರು ಸಾಲುಗಳ ಪರಸ್ಪರ ಸಂಬಂಧವನ್ನು ಏಕಕಾಲದಲ್ಲಿ ಮನಸ್ಸಿನಲ್ಲಿ ಧರಿಸಿ ದೋಷವೆಲ್ಲಿದೆಯೆಂದು ಹುಡುಕುವ ಏಕಾಗ್ರತೆ ಯಾವುದೋ, ಪ್ರಬಂಧವೊಂದರ ಆದಿ, ಮಧ್ಯ, ಅಂತ್ಯಗಳನ್ನು ಒಟ್ಟಿಗೆ ಕಂಡು ಬರೆಯುವುದಕ್ಕೆ ಬೇಕಾದದ್ದೂ ಅದೇ. ಕಛೇರಿ ಅದನ್ನು ಪೂರ್ಣವಾಗಿ ವ್ಯಯಮಾಡಿಸಿಕೊಂಡ ಮೇಲೆ ಉಳಿದ ಗಂಟೆ ಉಳಿದೂ ನಿರರ್ಥಕ. ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದುಕೊಂಡೇ ಮಾಸ್ತಿಯವರು ಕಥೆಗಳನ್ನು ರಚಿಸಲಿಲ್ಲವೇ ಎನ್ನುವವರಿದ್ದಾರೆ. ರಚಿಸಿದರು, ಅದು ವಂದನೀಯವೇ ಸರಿ. ಆದರೆ ಅವರ ಕಛೇರಿ ಅಂಗಿಯ ಜೇಬಿನಲ್ಲಿ ಕುಳಿತು ಮನೆಯವರೆಗೂ ಬರುತ್ತಿರಲಿಲ್ಲ.

ದೇಹವೂ ಈ ಅತಿದುಡಿಮೆಯ ದಂಡವನ್ನು ತೆರುತ್ತದೆ. ವಾರಕ್ಕೆ 55 ಗಂಟೆಗಳಿಗೆ ಕಡಿಮೆಯಿಲ್ಲದೆ ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ, ಪಾರ್ಶ್ವವಾಯುವಿನ ಅಪಾಯ ಅಂದಾಜು ಶೇಕಡಾ 35ರಷ್ಟು ಅಧಿಕವೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯೂ 2021ರಲ್ಲಿ ಪ್ರಕಟಿಸಿದುವು.

ಕನ್ನಡಕ್ಕೆ ಆಗುವ ನಷ್ಟ ಬೇರೆಯೇ ಇದೆ. ಯಂತ್ರವಿದ್ಯೆಯ ನವೀನ ವಿಚಾರಗಳನ್ನು ಒಳಗಿನಿಂದ ಕಂಡು, ತಾಯ್ನುಡಿಯಲ್ಲಿ ತಿಳಿಯಾಗಿ ಹೇಳಬಲ್ಲವರು ವಿರಳ. ಅವರಲ್ಲೊಬ್ಬನು ಸುಮ್ಮನಾದರೆ ಆ ಸ್ಥಾನವನ್ನು ತುಂಬುವವರು ಸುಲಭವಾಗಿ ದೊರೆಯರು. ತಂತ್ರಾಂಶದ ವೃತ್ತಿಯಲ್ಲಿ ಬಹುವರ್ಷ ದುಡಿದ ವಸುಧೇಂದ್ರರು ಅದನ್ನು ತೊರೆದು ಸಾಹಿತ್ಯಕ್ಕೆ ತಮ್ಮನ್ನು ಒಪ್ಪಿಸಿಕೊಂಡರು. ಸಾಲವೂ ಸಂಸಾರವೂ ಇರುವ ಎಲ್ಲರಿಗೂ ಅದು ಶಕ್ಯವಲ್ಲ.

ಆದಕಾರಣ ಮೇಲಧಿಕಾರಿಗಳಲ್ಲಿ ನನ್ನ ವಿನಂತಿಯಿಷ್ಟೆ: ರಿಲೀಸ್ ಮುಗಿದ ಮೇಲಾದರೂ ಅವನ ಸಂಜೆಗಳನ್ನು ಅವನಿಗೆ ಹಿಂದಿರುಗಿಸಿರಿ. ಮರಳಿ ಬರೆಯತೊಡಗುವ ಮಿತ್ರನು ವಿರಾಮಕ್ಕಾಗಿ ಕ್ಷಮೆ ಕೇಳದೆ, ಒಂದೇ ಪುಟವಾದರೂ ಸರಿಯೇ, ಬರೆಯಲಿ. ಓದುಗರು ಅದನ್ನು ಆದರದಿಂದ ಓದಿ ಅವನಿಗೆ ಎರಡು ಮಾತು ತಿಳಿಸಲಿ.