‘ತ್ರಿಂಕೋಮಲಿ’ ಎಂಬ ಯುದ್ಧನೌಕೆಯ ಚರಿತ್ರೆಯೂ ಲಾಂಛನವೂ

ರಥಕ್ಕೆ ಧ್ವಜವು ಹೇಗೋ ನೌಕೆಗೆ ಅದರ ಮುಖಪ್ರತಿಮೆಯು ಹಾಗೆ. ಕಪಿಧ್ವಜವನ್ನು ಕಂಡವರಿಗೆ ರಥಿಕನು ಅರ್ಜುನನೆಂದು ಬೇರೆ ಹೇಳಬೇಕಾಗಿರಲಿಲ್ಲ. ಭೋಜರಾಜಕೃತವೆಂದು ಪ್ರಸಿದ್ಧವಾದ ‘ಯುಕ್ತಿಕಲ್ಪತರು’ವಿನಲ್ಲಿ ನೌಕೆಯ ಮುಂಭಾಗಕ್ಕೆ ಸಿಂಹ, ಮಹಿಷ, ಸರ್ಪ, ಗಜ, ವ್ಯಾಘ್ರ, ಮನುಷ್ಯ ಮೊದಲಾದ ಮುಖಗಳನ್ನು ಹೇಳಿದೆ. ಬ್ರಿಟಿಷ್ ನೌಕಾಬಲದಲ್ಲಿ ಒಂದೊಂದು ಹಡಗಿಗೂ ನಿಯತವಾದ ಮುದ್ರೆಯನ್ನು ಸಮಿತಿಯ ಮೂಲಕ ಗೊತ್ತುಪಡಿಸುವ ಪದ್ಧತಿಯು 1918ರಲ್ಲಿ ಮೊದಲಾಯಿತು. ಅದಕ್ಕೆ ಹಿಂದೆ ಹೆಸರಿನ ಅರ್ಥವನ್ನು ಕಣ್ಣಿಗೆ ತೋರಿಸುವ ಕೆಲಸವು ಮರದಲ್ಲಿ ಕೆತ್ತಿದ ಮುಖಪ್ರತಿಮೆಯದಾಗಿದ್ದಿತು. ನಾಮಕ್ಕೂ ಲಾಂಛನಕ್ಕೂ ಇರುವ ಈ ಸಂಬಂಧವನ್ನು ತಿಳಿಯಲು ‘ತ್ರಿಂಕೋಮಲಿ’ ಎಂಬ ಫ್ರಿಗೇಟು ಉತ್ತಮವಾದ ನಿದರ್ಶನವಾಗಿದೆ.

ಈ ಹೆಸರು ಸಿಂಹಳದ್ವೀಪದ ಪೂರ್ವತೀರದಲ್ಲಿರುವ ರೇವುಪಟ್ಟಣದ್ದು. ತಮಿಳಿನ ‘ತಿರುಕೋಣಮಲೈ’ ಎಂಬುದೇ ಪಾಶ್ಚಾತ್ಯರ ಬಾಯಲ್ಲಿ ಹೀಗೆ ಮಾರ್ಪಟ್ಟಿತು. ‘ತಿರು’ ಎಂದರೆ ಶ್ರೀ. ‘ಮಲೈ’ ಎಂದರೆ ನಮ್ಮ ಮಲೆಯೇ. ಅಲ್ಲಿಯ ಬೆಟ್ಟದ ಮೇಲೆ ಕೋಣೇಶ್ವರನ ದೇವಾಲಯವಿದೆ. ಈ ಸ್ಥಳಕ್ಕೆ ಸಂಸ್ಕೃತದಲ್ಲಿ ಗೋಕರ್ಣವೆಂದು ಹೆಸರು, ಪಾಲಿಯಲ್ಲಿ ಗೋಕಣ್ಣ. ಕನ್ನಡನಾಡಿನ ಕಡಲತೀರದ ಗೋಕರ್ಣಕ್ಕೂ ಇದಕ್ಕೂ ಹೀಗೆ ನಾಮಸಾಮ್ಯವುಂಟು.

ನೌಕೆಯು ಹುಟ್ಟಿದ್ದು ಮುಂಬಯಿಯಲ್ಲಿ. ನೆಪೋಲಿಯನ್ನನೊಡನೆ ನಡೆದ ದೀರ್ಘಯುದ್ಧಗಳಿಂದ ಇಂಗ್ಲೆಂಡಿನಲ್ಲಿ ಓಕ್ ಮರವು ವಿರಳವಾಯಿತು. ಮಲಬಾರದ ತೇಗವಾದರೋ ನೀರಿಗೂ ಹುಳುವಿಗೂ ಬೇಗ ಜಗ್ಗತಕ್ಕದ್ದಲ್ಲ. ಆದಕಾರಣ 1812ರಲ್ಲಿ ಇದನ್ನು ಕಟ್ಟಲು ಆಜ್ಞೆಯಾಯಿತು. ನಕ್ಷೆಗಳನ್ನು ತರುತ್ತಿದ್ದ ‘ಜಾವಾ’ ಎಂಬ ಹಡಗು ಅದೇ ವರ್ಷದ ಡಿಸೆಂಬರಿನಲ್ಲಿ ಅಮೆರಿಕದ ‘ಕಾನ್‌ಸ್ಟಿಟ್ಯೂಷನ್’ ನೌಕೆಗೆ ಸೋತು ನಾಶವಾದ ಕಾರಣ, ಅವನ್ನು ಮತ್ತೊಮ್ಮೆ ಕಳುಹಿಸಬೇಕಾಯಿತು. 1816ರಲ್ಲಿ ಪಾರಸಿ ಶಿಲ್ಪಿಯಾದ ಜಮ್‌ಶೇಟ್‌ಜಿ ಬೊಮನ್‌ಜಿ ವಾಡಿಯಾ ಎಂಬವರು ತಮ್ಮ ಸಂಪ್ರದಾಯದಂತೆ ನೌಕೆಯ ಅಡಿಮರಕ್ಕೆ ಬೆಳ್ಳಿಯ ಮೊಳೆಯನ್ನು ಹೊಡೆದು ಕೆಲಸವನ್ನು ಆರಂಭಿಸಿದರು. 1817ನೆಯ ಅಕ್ಟೋಬರ್ 12ರಂದು ಹಡಗು ನೀರಿಗಿಳಿಯಿತು. ಆದ ವೆಚ್ಚವು ಸುಮಾರು 23,000 ಪೌಂಡುಗಳು.

1819ರಲ್ಲಿ ಪೋರ್ಟ್ಸ್‌ಮತ್ತಿಗೆ ಸೇರುವಷ್ಟರಲ್ಲಿ ಯುದ್ಧಕಾಲವು ಕಳೆದುಹೋಗಿದ್ದಿತು. ಸುಮಾರು 25 ವರ್ಷ ಹಡಗು ಕೆಲಸವಿಲ್ಲದೆ ರೇವಿನಲ್ಲಿಯೇ ನಿಂತಿತು. 1845ರಲ್ಲಿ ಅದರ ಹಿಂಭಾಗವನ್ನು ತಿದ್ದಿ, ಸಂಖ್ಯೆಯಲ್ಲಿ ಕಡಿಮೆಯಾಗಿಯೂ ಬಲದಲ್ಲಿ ಹೆಚ್ಚಾಗಿಯೂ ಇದ್ದ ತೋಪುಗಳನ್ನು ಇಟ್ಟರು. 1847ರಿಂದ 1850ರವರೆಗೆ ಉತ್ತರ ಅಮೆರಿಕ ಮತ್ತು ವೆಸ್ಟ್ ಇಂಡೀಸ್ ಕಡಲುಗಳಲ್ಲಿ ಗುಲಾಮರ ವ್ಯಾಪಾರವನ್ನು ತಡೆಯುವುದೇ ಮೊದಲಾದ ಕಾವಲಿನಲ್ಲಿಯೂ, 1852ರಿಂದ 1857ರವರೆಗೆ ಪೆಸಿಫಿಕ್ ಸಮುದ್ರದಲ್ಲಿಯೂ ಅದು ಸೇವೆ ಮಾಡಿತು. ಬಳಿಕ ನಾವಿಕರ ಶಿಕ್ಷಣಕ್ಕೆ ಉಪಯೋಗವಾಗಿ, 1897ರಲ್ಲಿ ಒಡೆಯುವವರಿಗೆ ವಿಕ್ರಯವಾಯಿತು.

ಈ ನೌಕೆಯ ಮುಖಪ್ರತಿಮೆಯು ರುಮಾಲು ಸುತ್ತಿದ, ಗಡ್ಡವುಳ್ಳ ಪುರುಷನದು. ಅದರಲ್ಲಿ ಕೋಣೇಶ್ವರನ ಗುರುತಾಗಲಿ ಬೆಟ್ಟದ ಗುರುತಾಗಲಿ ಇಲ್ಲ. ಸ್ಥಳನಾಮದ ಅರ್ಥವನ್ನು ವಿಚಾರಿಸದೆ, ಪೂರ್ವದೇಶದ ಹೆಸರಿಗೆ ಪೂರ್ವದೇಶದ ವೇಷವು ಸಾಕೆಂದು ಭಾವಿಸಿದಂತೆ ತೋರುತ್ತದೆ. ಆದರೂ ಹಡಗಿನ ಮೂಲವು ಯಾವ ದಿಕ್ಕಿನದೆಂಬುದನ್ನು ಆ ರುಮಾಲು ಸಾರುತ್ತಿದ್ದಿತು.

ಅದೇ 1897ರಲ್ಲಿ ನೆಲ್ಸನ್ನನ ಹಳೆಯ ನೌಕೆಯಾದ ‘ಫೂಡ್ರಾಯಾಂ’ ಬಿರುಗಾಳಿಗೆ ಸಿಕ್ಕಿ ಬ್ಲ್ಯಾಕ್‌ಪೂಲಿನ ದಡದಲ್ಲಿ ಒಡೆದುಹೋಯಿತು. ಅದರ ಒಡೆಯನಾದ ವೀಟ್ಲಿ ಕಾಬ್ ಎಂಬವನು ‘ತ್ರಿಂಕೋಮಲಿ’ಯನ್ನು ಕೊಂಡು, ಸರಿಪಡಿಸಿ, ನಷ್ಟವಾದ ಹಡಗಿನ ಹೆಸರನ್ನೇ ಇದಕ್ಕೆ ಇಟ್ಟನು. ಅವನು ಕೊಳ್ಳದಿದ್ದರೆ ನೌಕೆಯು ಉಳಿಯುತ್ತಿರಲಿಲ್ಲ. ಈ ಉಪಕಾರವನ್ನು ಮರೆಯಲಾಗದು. ಆದರೆ ಫ್ರೆಂಚ್ ಭಾಷೆಯ ಆ ಪದಕ್ಕೆ ಸಿಡಿಲಿನಂತೆ ಹೊಡೆಯುವುದು ಎಂದರ್ಥ. ಸಿಡಿಲಿಗೂ ರುಮಾಲಿನ ಪುರುಷನಿಗೂ ಅನ್ವಯವೆಲ್ಲಿ? ಹಡಗಿನ ಮೈಯು ಮುಂಬಯಿಯದು, ಹೆಸರು ಇನ್ನೊಂದು ಹಡಗಿನದು ಎಂಬ ಸ್ಥಿತಿಯು ಸುಮಾರು 90 ವರ್ಷ ನಡೆಯಿತು. ಫಾಲ್ಮತ್ ಮತ್ತು ಪೋರ್ಟ್ಸ್‌ಮತ್ ರೇವುಗಳಲ್ಲಿ ಈ ಹೆಸರಿನಿಂದಲೇ 1986ರವರೆಗೆ ತರುಣರಿಗೆ ನೌಕಾಶಿಕ್ಷಣವು ದೊರೆಯಿತು.

1987ರಲ್ಲಿ ಹಡಗನ್ನು ಹಾರ್ಟ್ಲ್‌ಪೂಲಿಗೆ ತಂದು ಜೀರ್ಣೋದ್ಧಾರಕ್ಕೆ ತೊಡಗಿದರು. 2001ರಲ್ಲಿ ಅದು ಮುಗಿಯಿತು. ಅದರ ನಡುವೆ 1992ರಲ್ಲಿ ‘ತ್ರಿಂಕೋಮಲಿ’ ಎಂಬ ಮೊದಲಿನ ಹೆಸರು ಮರಳಿ ಬಂದಿತು. ನೀರಿನ ಮೇಲೆ ತೇಲುತ್ತಿರುವ ಬ್ರಿಟಿಷ್ ಯುದ್ಧನೌಕೆಗಳಲ್ಲೆಲ್ಲ ಹಿರಿಯದು ಇದೇ. ಇದಕ್ಕಿಂತ ಪ್ರಾಚೀನವಾದ ‘ವಿಕ್ಟರಿ’ಯು 1922ರಿಂದ ಒಣಗಟ್ಟೆಯಲ್ಲಿದೆ.

ಹೆಸರು ಬದಲಾದರೆ ವಸ್ತುವು ಬದಲಾಗದೆಂಬುದು ನಿಜ. ಆದರೆ ಹೆಸರು ಹೋದಲ್ಲಿ ಅದನ್ನು ಮಾಡಿದವರ ಸ್ಮರಣೆಯೂ ಮೆಲ್ಲಗೆ ಹೋಗುವುದು. ಪ್ರಾಚೀನ ವಸ್ತುಗಳನ್ನು ರಕ್ಷಿಸುವವರು ಮರವನ್ನು ಮಾತ್ರವೇ ಅಲ್ಲ, ನಾಮವನ್ನೂ ರಕ್ಷಿಸತಕ್ಕದ್ದು. ತೇಗವು ನೌಕೆಯನ್ನು ಮುಳುಗದಂತೆ ಕಾಪಾಡಿತು. ಮರಳಿ ಬಂದ ಹೆಸರು ಮುಂಬಯಿಯ ಶಿಲ್ಪಿಗಳ ಕೀರ್ತಿಯನ್ನು ಕಾಪಾಡುತ್ತಿದೆ.